ಸಲಿಂಗಾಸಕ್ತರ ವಿಷಯದಲ್ಲಿ ನಮ್ಮ ಹಿರಿಯರು ನಡೆದ ದಾರಿ

ಪ್ರವಾದಿ ಲೂತ್(ಅ)ರ ಜನತೆಯ ವೃತ್ತಾಂತವನ್ನು ನಾವೆಲ್ಲ ಜುಮಾ ಖುತ್ಬಾಗಳಲ್ಲಿ ಕೇಳುತ್ತಾ ಬಂದಿದ್ದೇವೆ. ಆ ಊರಿನವರ ದುಷ್ಕೃತ್ಯ, ಲೂತ್(ಅ)ರ ಎಚ್ಚರಿಕೆ, ಕೊನೆಗೆ ಎರಗಿದ ಶಿಕ್ಷೆ ಎಲ್ಲವೂ ನಮಗೆ ಬಾಯಿಪಾಠ. ಆದರೆ ಅದೇ ವೃತ್ತಾಂತದ ಆರಂಭದಲ್ಲಿರುವ ಒಂದು ಸಂಗತಿಯನ್ನು ಕೇಳಿದ್ದು ಕಡಿಮೆ. ಶಿಕ್ಷೆಯ ಆಜ್ಞೆ ಹೊತ್ತ ಮಲಕ್‌ಗಳು ನೇರವಾಗಿ ಆ ಊರಿಗೆ ಹೋಗುವುದಿಲ್ಲ. ಮೊದಲು ಇಬ್ರಾಹೀಮ್(ಅ)ರ ಮನೆಗೆ ಅತಿಥಿಗಳಾಗಿ ಬರುತ್ತಾರೆ. ವಿಷಯ ತಿಳಿದ ಇಬ್ರಾಹೀಮ್(ಅ)ರು ಲೂತ್(ಅ)ರ ಜನತೆಯ ಬಗ್ಗೆ ವಾದಕ್ಕಿಳಿಯುತ್ತಾರೆ. ಅಲ್ಲಿ ಇಷ್ಟು ಮಂದಿ ವಿಶ್ವಾಸಿಗಳಿದ್ದರೆ ಶಿಕ್ಷೆ ತಡೆಯುವುದೇ, ಅದಕ್ಕಿಂತ ಕಡಿಮೆ ಇದ್ದರೆ ಹೇಗೆ ಎಂದು ಅವರು ಕೇಳುತ್ತಾ ಹೋದರೆಂದು ವ್ಯಾಖ್ಯಾನಕಾರರು ಬರೆದಿದ್ದಾರೆ. ಪವಿತ್ರ ಕುರ್‌ಆನಿನ ಹೂದ್ ಅಧ್ಯಾಯದ 74 ಮತ್ತು 75ನೇ ಆಯತ್‌ಗಳಲ್ಲಿ ಇದರ ಪ್ರಸ್ತಾಪವಿದೆ. ಅಲ್ಲಾಹನ ಆಜ್ಞೆ ಬದಲಾಗಲಿಲ್ಲ. ಆದರೆ ಹಾಗೆ ವಾದಿಸಿದ ಇಬ್ರಾಹೀಮ್(ಅ)ರನ್ನು ಅಲ್ಲಾಹನು ಅಲ್ಲಿಯೇ ಸಹನಶೀಲರೆಂದೂ ಮೃದು ಹೃದಯಿಯೆಂದೂ ತನ್ನೆಡೆಗೆ ಮರಳುವವರೆಂದೂ ಹೊಗಳಿದ್ದಾನೆ.

ಆಜ್ಞೆಯೂ ಇದೆ, ಆ ಜನರಿಗಾಗಿ ಮಿಡಿದ ಹೃದಯವೂ ಇದೆ. ಎರಡನ್ನೂ ಒಟ್ಟಿಗೆ ಹಿಡಿದುಕೊಳ್ಳುವುದು ಕಷ್ಟ. ಈ ಕಷ್ಟ ಇಂದು ನಮ್ಮ ಮೊಹಲ್ಲಾಗಳಿಗೂ ಬಂದಿದೆ. ಖುತ್ಬಾ ಕೇಳುತ್ತಾ ಸಫ್‌ನಲ್ಲಿ ಕುಳಿತ ಒಬ್ಬ ಯುವಕ ತನ್ನ ಮನಸ್ಸು ಹೆಣ್ಣುಗಳ ಕಡೆ ವಾಲುವುದಿಲ್ಲ ಎಂಬುದನ್ನು ಯಾರಿಗೂ ಹೇಳಲಾಗದೆ ಒಳಗೊಳಗೇ ಬೇಯುತ್ತಿರಬಹುದು. ಅವನು ನಮ್ಮಲ್ಲೊಬ್ಬರ ಮಗನೋ ತಮ್ಮನೋ ಆಗಿರಬಹುದು. ಅವನು ಬಾಯಿ ಬಿಟ್ಟ ದಿನ ನಾವೇನು ಮಾಡಬೇಕು? ಹೆಚ್ಚಿನ ಮನೆಗಳಲ್ಲಿ ಆಗುವುದು ಹೊಡೆತ, ಹೊರಗೆ ಹಾಕುವುದು ಇಲ್ಲವೇ ಅವಸರದ ನಿಕಾಹ್. ಇದೇ ದೀನ್‌ನ ದಾರಿ ಎಂದು ನಾವು ನಂಬಿದ್ದೇವೆ. ನಮ್ಮ ಇತಿಹಾಸ ಹಾಗೆ ಹೇಳುತ್ತದೆಯೇ ಎಂದು ನೋಡುವುದು ಈ ಲೇಖನದ ಉದ್ದೇಶ.

ಹುಕುಮ್ ಏನು?

ಮೊದಲು ಒಂದು ಮಾತನ್ನು ನೇರವಾಗಿ ಹೇಳಬೇಕು. ಗಂಡು ಗಂಡಿನೊಡನೆ ನಡೆಸುವ ದೈಹಿಕ ಸಂಬಂಧ, ಅಂದರೆ ಲಿವಾತ್, ಹರಾಮ್ ಎಂಬುದರಲ್ಲಿ ನಾಲ್ಕು ಮದ್‌ಹಬ್‌ಗಳ ಇಮಾಮರಿಗೂ ಭಿನ್ನಾಭಿಪ್ರಾಯವಿಲ್ಲ. ಇದನ್ನು ಮರೆಮಾಚಿ ಬರೆಯುವುದು ಓದುಗರಿಗೆ ಮಾಡುವ ಮೋಸ.

ಆದರೆ ಅದಕ್ಕೆ ಲೌಕಿಕ ಶಿಕ್ಷೆ ಏನು ಎಂಬ ವಿಷಯದಲ್ಲಿ ಆ ಇಮಾಮರು ಒಂದೇ ಮಾತು ಹೇಳಲಿಲ್ಲ. ಹಿಜ್ರಿ 150ರಲ್ಲಿ (ಕ್ರಿ.ಶ. 767) ನಿಧನರಾದ ಇಮಾಮ್ ಅಬೂ ಹನೀಫಾ(ರ) ಇದನ್ನು ವ್ಯಭಿಚಾರದ ಸಾಲಿಗೆ ಸೇರಿಸಲಿಲ್ಲ. ಆದ್ದರಿಂದ ಇದಕ್ಕೆ ನಿಗದಿತ ಶಿಕ್ಷೆಯಾದ ಹದ್ದ್ ಇಲ್ಲ, ನ್ಯಾಯಾಧೀಶರ ವಿವೇಚನೆಗೆ ಬಿಟ್ಟ ತಅಝೀರ್ ಮಾತ್ರ ಎಂದರು. ಅವರ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಶೈಬಾನಿ ಗುರುವಿನ ಮಾತನ್ನು ಒಪ್ಪದೆ, ಇದು ವ್ಯಭಿಚಾರಕ್ಕೆ ಸಮಾನ ಎಂದರು. ಶಾಫಿಈ ಮದ್‌ಹಬಿನ ಪ್ರಸಿದ್ಧ ಅಭಿಪ್ರಾಯವೂ ವ್ಯಭಿಚಾರಕ್ಕೆ ಸಮಾನ ಎಂಬುದೇ. ಇಮಾಮ್ ಮಾಲಿಕ್(ರ) ಇನ್ನೂ ಕಠಿಣ ನಿಲುವು ತಳೆದರು. ನಮ್ಮ ನಾಡಿನಲ್ಲಿ ಕರಾವಳಿಯ ಬ್ಯಾರಿಗಳು, ನವಾಯತರು ಶಾಫಿಈಗಳು. ಒಳನಾಡಿನ ಹೆಚ್ಚಿನವರು ಹನಫೀಗಳು. ಅಂದರೆ ಭಟ್ಕಳದ ಮನೆಯಲ್ಲೂ ದಾವಣಗೆರೆಯ ಮನೆಯಲ್ಲೂ ಇರುವ ಫಿಕ್ಹ್ ಗ್ರಂಥಗಳು ಈ ವಿಷಯದಲ್ಲಿ ಬೇರೆ ಬೇರೆ ಉತ್ತರ ಕೊಡುತ್ತವೆ.

ಅಬೂ ಹನೀಫಾ(ರ)ರ ವಾದವನ್ನು ಇಂದಿಗೂ ಮದ್ರಸಗಳಲ್ಲಿ ಕಲಿಸುವ 'ಹಿದಾಯ' ಗ್ರಂಥ ವಿವರಿಸಿದೆ. ಇದರ ಶಿಕ್ಷೆಯ ಬಗ್ಗೆ ಸಹಾಬಿಗಳೇ ಬೇರೆ ಬೇರೆ ಅಭಿಪ್ರಾಯ ಹೇಳಿದ್ದಾರೆ. ನಿಗದಿತ ಶಿಕ್ಷೆ ಇದ್ದಿದ್ದರೆ ಅಂಥ ಭಿನ್ನತೆಗೆ ಎಡೆಯೇ ಇರುತ್ತಿರಲಿಲ್ಲ ಎಂಬುದು ವಾದದ ಒಂದು ತಿರುಳು. ಕೊಲ್ಲಬೇಕೆಂಬ ಅರ್ಥದ ಒಂದು ಹದೀಸ್ ಅಬೂದಾವೂದ್ ಮತ್ತು ತಿರ್ಮಿದಿಯಲ್ಲಿದೆ. ಅದರ ವರದಿ ಸರಣಿಯ ಬಗ್ಗೆ ಹದೀಸ್ ಪಂಡಿತರಲ್ಲಿ ಹಿಂದಿನಿಂದಲೂ ಚರ್ಚೆ ಇದೆ. ಇದರರ್ಥ ಹನಫೀಗಳು ಮೃದುವಾಗಿದ್ದರು ಎಂದಲ್ಲ. ಅದನ್ನೇ ರೂಢಿ ಮಾಡಿಕೊಂಡವನಿಗೆ ಆಡಳಿತಗಾರ ಮರಣದಂಡನೆಯನ್ನೂ ಕೊಡಬಹುದು ಎಂದು ಬರೆದ ಹನಫೀ ವಿದ್ವಾಂಸರೂ ಇದ್ದಾರೆ. ಶಿಕ್ಷೆಯನ್ನು ಅವರು ಕಡೆಗಣಿಸಲಿಲ್ಲ. ಆದರೆ ಆ ಶಿಕ್ಷೆಯ ಬಾಗಿಲನ್ನು ತಲುಪುವ ದಾರಿಯಲ್ಲಿ ಅವರು ಕಟ್ಟಿದ ತಡೆಗೋಡೆಗಳನ್ನು ನಾವು ಮರೆತಿದ್ದೇವೆ.

ಮುಚ್ಚಿದ ಬಾಗಿಲು

ವ್ಯಭಿಚಾರಕ್ಕೆ ಸಮಾನ ಎಂದ ಇಮಾಮರು ವ್ಯಭಿಚಾರಕ್ಕೆ ಬೇಕಾದ ಸಾಕ್ಷ್ಯವನ್ನೇ ಇದಕ್ಕೂ ಕೇಳಿದರು. ಕೃತ್ಯವನ್ನು ಕಣ್ಣಾರೆ, ಸಂದೇಹಕ್ಕೆ ಎಡೆಯಿಲ್ಲದಂತೆ ಕಂಡ ನಾಲ್ವರು ನ್ಯಾಯನಿಷ್ಠ ಸಾಕ್ಷಿಗಳು ಬೇಕು. ಆರೋಪ ಹೊರಿಸಿ ಸಾಕ್ಷಿ ತರಲಾಗದವನಿಗೆ ಅನ್ನೂರ್ ಅಧ್ಯಾಯದ 4ನೇ ಆಯತ್ 80 ಛಡಿಯೇಟಿನ ಶಿಕ್ಷೆ ವಿಧಿಸಿದೆ. ಮುಂದೆಂದೂ ಅವನ ಸಾಕ್ಷ್ಯ ಸ್ವೀಕರಿಸಬಾರದೆಂದೂ ಹೇಳಿದೆ. ಆಯತ್‌ನಲ್ಲಿ ಹೆಸರಿಸಿರುವುದು ಸುಶೀಲ ಸ್ತ್ರೀಯರನ್ನಾದರೂ ಪುರುಷರ ಮಾನಕ್ಕೂ ಇದೇ ರಕ್ಷಣೆ ಇದೆ ಎಂದು ಫುಕಹಾಗಳು ಒಪ್ಪಿದ್ದಾರೆ. ಬೀದಿಯ ಕಟ್ಟೆಯ ಮೇಲೆ ಕುಳಿತು 'ಅವನು ಅಂಥವನು' ಎಂದು ನಗುವವರು ಈ ಆಯತನ್ನು ಒಮ್ಮೆ ಓದಬೇಕು.

ಅಲ್-ಹುಜುರಾತ್ ಅಧ್ಯಾಯದ 11 ಮತ್ತು 12ನೇ ಆಯತ್‌ಗಳು ಒಬ್ಬರನ್ನೊಬ್ಬರು ಅಪಹಾಸ್ಯ ಮಾಡುವುದನ್ನು, ಅಡ್ಡಹೆಸರಿಟ್ಟು ಕರೆಯುವುದನ್ನು, ಗುಮಾನಿಯನ್ನು, ಇನ್ನೊಬ್ಬರ ಗುಟ್ಟು ಕೆದಕುವುದನ್ನು, ಪರದೂಷಣೆಯನ್ನು ಸಾಲಾಗಿ ನಿಷೇಧಿಸಿವೆ. ಗುಟ್ಟು ಕೆದಕುವುದಕ್ಕೆ ಅರಬಿಯಲ್ಲಿ ತಜಸ್ಸುಸ್ ಎನ್ನುತ್ತಾರೆ. ಈ ನಿಷೇಧ ಬರೀ ಉಪದೇಶವಾಗಿ ಉಳಿಯಲಿಲ್ಲ. ಬಾಗ್ದಾದಿನ ನ್ಯಾಯಾಧೀಶರಾಗಿದ್ದ, 1058ರಲ್ಲಿ ನಿಧನರಾದ ಶಾಫಿಈ ವಿದ್ವಾಂಸ ಅಲ್-ಮಾವರ್ದಿ ರಾಜ್ಯಾಡಳಿತದ ಕುರಿತು ಬರೆದ 'ಅಲ್-ಅಹ್ಕಾಮುಸ್ಸುಲ್ತಾನಿಯ್ಯ'ದಲ್ಲಿ ಇದನ್ನು ಸರ್ಕಾರಿ ಅಧಿಕಾರಿಯ ನಿಯಮವಾಗಿಯೇ ನಿರೂಪಿಸಿದ್ದಾರೆ. ಪೇಟೆಯ ತೂಕ ಅಳತೆಯಿಂದ ಹಿಡಿದು ಸಾರ್ವಜನಿಕ ನಡತೆಯವರೆಗೆ ನೋಡಿಕೊಳ್ಳುತ್ತಿದ್ದ ಮುಹ್ತಸಿಬ್, ಬಹಿರಂಗವಾಗಿ ಕಾಣದ ಪಾಪವನ್ನು ಹುಡುಕಿಕೊಂಡು ಹೋಗುವಂತಿಲ್ಲ, ಪರದೆ ಸರಿಸುವಂತಿಲ್ಲ. ಒಬ್ಬರ ಜೀವ ಹೋಗುವ, ಮಾನಭಂಗವಾಗುವ ಅಪಾಯವಿದೆ ಎಂಬ ನಂಬಲರ್ಹ ಸುದ್ದಿ ಬಂದಾಗ ಮಾತ್ರ ಇದಕ್ಕೆ ವಿನಾಯಿತಿ.

ಇಮಾಮ್ ಗಝ್ಝಾಲಿ(ರ) 'ಇಹ್ಯಾ ಉಲೂಮುದ್ದೀನ್'ನಲ್ಲಿ ಖಲೀಫಾ ಉಮರ್(ರ)ರ ಒಂದು ಪ್ರಸಂಗ ಹೇಳುತ್ತಾರೆ. ರಾತ್ರಿ ಮದೀನಾದಲ್ಲಿ ಗಸ್ತು ತಿರುಗುತ್ತಿದ್ದ ಉಮರ್(ರ) ಒಂದು ಮನೆಯಿಂದ ಹಾಡು ಕೇಳಿ ಗೋಡೆ ಹತ್ತಿ ಒಳಗಿಳಿದರು. ಅಲ್ಲೊಬ್ಬ ಪುರುಷ, ಒಬ್ಬ ಸ್ತ್ರೀ, ಮದ್ಯ. ಖಲೀಫರು ಗದರಿದರು. ಆ ವ್ಯಕ್ತಿ ತಾನು ಅಲ್ಲಾಹನ ಆಜ್ಞೆ ಮೀರಿದ್ದು ಒಂದು ವಿಷಯದಲ್ಲಾದರೆ ಖಲೀಫರು ಮೂರು ವಿಷಯಗಳಲ್ಲಿ ಮೀರಿದ್ದಾರೆ ಎಂದ. ಗುಟ್ಟು ಕೆದಕಿದರು, ಬಾಗಿಲಿನಿಂದ ಬರಲಿಲ್ಲ, ಅನುಮತಿ ಕೇಳಿ ಸಲಾಮ್ ಹೇಳಲಿಲ್ಲ. ಉಮರ್(ರ) ಅದನ್ನು ಒಪ್ಪಿಕೊಂಡರು, ಕ್ಷಮಿಸಿ ಹೊರಟರು.

ಮಾಇಝ್(ರ) ಎಂಬ ಸಹಾಬಿಯ ಘಟನೆಯೂ ಇದೇ ಪಾಠ ಹೇಳುತ್ತದೆ. ವ್ಯಭಿಚಾರ ಮಾಡಿದ್ದ ಅವರನ್ನು ಪ್ರವಾದಿ(ಸ)ಯವರ ಬಳಿಗೆ ಹೋಗಿ ಒಪ್ಪಿಕೊಳ್ಳುವಂತೆ ಒತ್ತಾಯಿಸಿದವರು ಹಝ್ಝಾಲ್(ರ). ಪ್ರವಾದಿ(ಸ)ಯವರು ಮಾಇಝ್‌ರನ್ನು ಮತ್ತೆ ಮತ್ತೆ ಹಿಂದಕ್ಕೆ ಕಳುಹಿಸಿದರು. ಕೊನೆಗೆ ಶಿಕ್ಷೆ ಜಾರಿಯಾದ ಬಳಿಕ ಹಝ್ಝಾಲ್‌ರಿಗೆ, ನೀನು ಅವನನ್ನು ನಿನ್ನ ಬಟ್ಟೆಯಿಂದಲಾದರೂ ಮುಚ್ಚಿದ್ದರೆ ನಿನಗೇ ಒಳಿತಾಗುತ್ತಿತ್ತು ಎಂಬರ್ಥದ ಮಾತು ಹೇಳಿದರು.

ಮದೀನಾದ ಮನೆಗಳಲ್ಲಿ

ಪ್ರವಾದಿ(ಸ)ಯವರ ಕಾಲದ ಮದೀನಾದಲ್ಲಿ ಮುಖನ್ನಸ್ ಎಂದು ಕರೆಯಲ್ಪಡುತ್ತಿದ್ದ ಕೆಲವು ಪುರುಷರಿದ್ದರು. ನಡೆ, ನುಡಿ, ಹಾವಭಾವದಲ್ಲಿ ಹೆಣ್ಣಿನಂತಿದ್ದವರು. ಇವರನ್ನು ಇಂದಿನ ಅರ್ಥದ ಸಲಿಂಗಾಸಕ್ತರು ಎಂದು ಹೇಳಲಾಗದು. ಎರಡೂ ಬೇರೆ. ಆದರೂ ಎಲ್ಲರಂತಿಲ್ಲದ ಗಂಡಸರನ್ನು ಆ ಸಮಾಜ ಹೇಗೆ ಕಂಡಿತು ಎಂದು ತಿಳಿಯಲು ಈ ವರದಿಗಳು ನೆರವಾಗುತ್ತವೆ.

ಹೆಣ್ಣಿನಲ್ಲಿ ಆಸಕ್ತಿಯಿಲ್ಲದ ಪುರುಷ ಪರಿಚಾರಕರ ಪ್ರಸ್ತಾಪ ಅನ್ನೂರ್ ಅಧ್ಯಾಯದ 31ನೇ ಆಯತ್‌ನಲ್ಲಿಯೇ ಇದೆ. ಅಂಥವರೆಂದು ಭಾವಿಸಿ ಮುಖನ್ನಸರನ್ನು ಮನೆಯ ಹೆಂಗಸರ ನಡುವೆ ಬಂದು ಹೋಗಲು ಬಿಡುತ್ತಿದ್ದರು. ಪ್ರವಾದಿ(ಸ)ಯವರ ಪತ್ನಿ ಉಮ್ಮು ಸಲಮಾ(ರ)ರ ಮನೆಗೂ ಒಬ್ಬರು ಬರುತ್ತಿದ್ದರು. ತಾಇಫ್ ಮುತ್ತಿಗೆಯ ದಿನಗಳಲ್ಲಿ ಆತ ಉಮ್ಮು ಸಲಮಾರ ಸೋದರನಿಗೆ ಆ ಊರಿನ ಒಬ್ಬ ಹೆಣ್ಣಿನ ಮೈಕಟ್ಟನ್ನು ವರ್ಣಿಸಿದ್ದು ಪ್ರವಾದಿ(ಸ)ಯವರ ಕಿವಿಗೆ ಬಿತ್ತು. ಅಂದಿನಿಂದ ಇಂಥವರನ್ನು ಹೆಂಗಸರ ಬಳಿ ಬಿಡಬೇಡಿ ಎಂದರು. ಬುಖಾರಿಯಲ್ಲಿರುವ ವರದಿ ಇದು. ನಿರ್ಬಂಧಕ್ಕೆ ಕಾರಣ ಆತನ ಹಾವಭಾವವಾಗಿರಲಿಲ್ಲ. ಅದು ಮೊದಲಿನಿಂದಲೂ ಎಲ್ಲರಿಗೂ ಗೊತ್ತಿತ್ತು. ನಂಬಿ ಒಳಗೆ ಬಿಟ್ಟ ಮನೆಯವರ ವಿಶ್ವಾಸಕ್ಕೆ ಆತ ಧಕ್ಕೆ ತಂದಿದ್ದ.

ಸುನನ್ ಅಬೂದಾವೂದ್‌ನಲ್ಲಿ ಇನ್ನೊಂದು ವರದಿಯಿದೆ. ಕೈಕಾಲಿಗೆ ಮದರಂಗಿ ಹಚ್ಚಿದ್ದ ಒಬ್ಬ ಮುಖನ್ನಸ್‌ನನ್ನು ಪ್ರವಾದಿ(ಸ)ಯವರ ಮುಂದೆ ತರಲಾಯಿತು. ಅವನನ್ನು ಊರಾಚೆ ಕಳುಹಿಸಲಾಯಿತು. ಕೊಂದುಬಿಡೋಣವೇ ಎಂದು ಕೆಲವರು ಕೇಳಿದಾಗ, ನಮಾಝ್ ಮಾಡುವವರನ್ನು ಕೊಲ್ಲುವುದನ್ನು ತನಗೆ ನಿಷೇಧಿಸಲಾಗಿದೆ ಎಂದು ಪ್ರವಾದಿ(ಸ)ಯವರು ತಡೆದರು. ಇದರ ವರದಿಗಾರರ ಬಗ್ಗೆ ಹದೀಸ್ ಪಂಡಿತರ ಚರ್ಚೆ ಇದೆಯಾದರೂ ಗ್ರಂಥದಲ್ಲಿ ಇದು ಉಳಿದುಬಂದಿದೆ.

ಹದಿಮೂರನೇ ಶತಮಾನದಲ್ಲಿ ದಮಾಸ್ಕಸ್‌ನಲ್ಲಿದ್ದ ಇಮಾಮ್ ನವವಿ(ರ) ಸಹೀಹ್ ಮುಸ್ಲಿಮ್‌ಗೆ ಬರೆದ ವ್ಯಾಖ್ಯಾನದಲ್ಲಿ ಮುಖನ್ನಸರನ್ನು ಎರಡು ಬಗೆಯಾಗಿ ವಿಂಗಡಿಸಿದರು. ಹುಟ್ಟಿನಿಂದಲೇ ಹಾಗಿರುವವನ ಮೇಲೆ ಆಕ್ಷೇಪವಿಲ್ಲ, ಪಾಪವಿಲ್ಲ, ಶಿಕ್ಷೆಯಿಲ್ಲ. ಬೇಕೆಂದೇ ಹಾಗೆ ನಟಿಸುವವನ ಮೇಲೆ ಮಾತ್ರ ಹದೀಸ್‌ನಲ್ಲಿ ಬಂದ ಶಾಪ. ತಾನು ಆರಿಸಿಕೊಳ್ಳದ ಸ್ವಭಾವಕ್ಕಾಗಿ ಒಬ್ಬನನ್ನು ದೂರುವಂತಿಲ್ಲ ಎಂಬ ವಿವೇಚನೆ ಶಾಫಿಈ ಮದ್‌ಹಬಿನ ಈ ಮಹಾ ಇಮಾಮರಿಗೆ ಏಳು ಶತಮಾನಗಳ ಹಿಂದೆಯೇ ಇತ್ತು. ಮನಸ್ಸಿನಲ್ಲಿ ಏಳುವ ಭಾವನೆಗೆ, ಅದು ಕೃತ್ಯವಾಗದ ತನಕ, ಅಲ್ಲಾಹನ ಹಿಡಿತವಿಲ್ಲ ಎಂಬುದೂ ಸಹೀಹ್ ಹದೀಸ್‌ಗಳಿಂದ ನಮಗೆ ತಿಳಿದದ್ದೇ.

ಸಮುದ್ರ ದಾಟಿ ಬಂದ ಕಾನೂನು

ಇಂಗ್ಲೆಂಡಿನ ಇತಿಹಾಸ ಬೇರೆ. ಅಲ್ಲಿ ದೊರೆ ಎಂಟನೇ ಹೆನ್ರಿಯ ಕಾಲದಲ್ಲಿ, 1533ರಲ್ಲಿ, ಇದಕ್ಕೆ ಮರಣದಂಡನೆ ವಿಧಿಸುವ ಕಾನೂನು ಬಂತು. ಈ ಅಪರಾಧಕ್ಕಾಗಿ ಅಲ್ಲಿ ಕೊನೆಯ ಬಾರಿಗೆ ಇಬ್ಬರನ್ನು ಗಲ್ಲಿಗೇರಿಸಿದ್ದು 1835ರಲ್ಲಿ. ಆ ಹೊತ್ತಿಗೆ ಮೆಕಾಲೆ ಭಾರತಕ್ಕೆ ಬಂದು ಇಲ್ಲಿಗೆ ದಂಡಸಂಹಿತೆ ಬರೆಯುತ್ತಿದ್ದ. 1837ರ ಕರಡಿನಲ್ಲಿ ಈ ಅಪರಾಧವನ್ನು ಸೇರಿಸಿದನಾದರೂ ಅದರ ಬಗ್ಗೆ ಸಾರ್ವಜನಿಕ ಚರ್ಚೆಯೇ ಬೇಡವೆಂದು ವಿವರಣೆ ಬರೆಯದೆ ಬಿಟ್ಟ. 1860ರಲ್ಲಿ ಅಂಗೀಕಾರವಾಗಿ 1862ರ ಜನವರಿ 1ರಿಂದ ಜಾರಿಗೆ ಬಂದ ಭಾರತೀಯ ದಂಡಸಂಹಿತೆಯಲ್ಲಿ ಅದು 377ನೇ ಸೆಕ್ಷನ್ ಆಯಿತು. ಜೀವಾವಧಿ ಅಥವಾ ಹತ್ತು ವರ್ಷಗಳವರೆಗಿನ ಸೆರೆ. ನಾಲ್ಕು ಸಾಕ್ಷಿಗಳ ಮಾತಿಲ್ಲ, ಸುಳ್ಳು ಆರೋಪ ಹೊರಿಸಿದವನ ಬೆನ್ನಿಗೆ 80 ಏಟಿಲ್ಲ. ಅದಕ್ಕೆ ಮೊದಲು ಬಂಗಾಳದಲ್ಲಿ ಕಂಪನಿಯ ಕ್ರಿಮಿನಲ್ ನ್ಯಾಯಾಲಯಗಳು ಬಹುಕಾಲ ಮೌಲ್ವಿಗಳ ಫತ್ವಾ ಪಡೆದು ಹನಫೀ ದಂಡನೀತಿಯನ್ನೇ ತಿದ್ದುಪಡಿಗಳೊಂದಿಗೆ ಅನುಸರಿಸುತ್ತಿದ್ದವು. ಆ ಪದ್ಧತಿ ಪೂರ್ತಿ ಮುಗಿಯಿತು.

ಹೆಚ್ಚು ಕಡಿಮೆ ಅದೇ ಕಾಲದಲ್ಲಿ, 1858ರಲ್ಲಿ, ಖಿಲಾಫತ್‌ನ ಕೇಂದ್ರವಾದ ಇಸ್ತಾಂಬುಲ್ ಕೂಡ ಹೊಸ ದಂಡಸಂಹಿತೆ ಮಾಡಿತು. ಅದು ಫ್ರಾನ್ಸಿನ ಮಾದರಿಯನ್ನು ಅನುಸರಿಸಿತು. ಇಬ್ಬರು ವಯಸ್ಕರ ನಡುವಿನ ಖಾಸಗಿ ಕೃತ್ಯವನ್ನು ಅದರಲ್ಲಿ ಅಪರಾಧವೆಂದು ಬರೆಯಲಿಲ್ಲ. ಉಸ್ಮಾನಿ ಉಲಮಾಗಳು ಅದನ್ನು ಹಲಾಲ್ ಎಂದರೆಂದು ಇದರ ಅರ್ಥವಲ್ಲ. ಪಾಪಗಳೆಲ್ಲವೂ ಪೊಲೀಸರ ಪಾಲಿಗೆ ಸೇರಿದವಲ್ಲ ಎಂದಷ್ಟೇ ತಿಳಿಯಬೇಕು.

ಬ್ರಿಟಿಷರು 377ಕ್ಕೇ ನಿಲ್ಲಲಿಲ್ಲ. 1871ರ ಕ್ರಿಮಿನಲ್ ಬುಡಕಟ್ಟುಗಳ ಕಾಯಿದೆಯ ಎರಡನೇ ಭಾಗ ಉತ್ತರ ಭಾರತದ ಹಿಜಡಾಗಳನ್ನು ಗುರಿ ಮಾಡಿತು. ಸಂದೇಹವಿದ್ದವರ ಹೆಸರನ್ನು ಪೊಲೀಸ್ ರಿಜಿಸ್ಟರಿನಲ್ಲಿ ಬರೆಯಬೇಕು. ಹಾಗೆ ದಾಖಲಾದವರು ಹೆಣ್ಣುಡುಗೆಯಲ್ಲಿ ಸಾರ್ವಜನಿಕವಾಗಿ ಕಂಡರೆ, ಹಾಡಿದರೆ, ಕುಣಿದರೆ ವಾರಂಟ್ ಇಲ್ಲದೆ ಬಂಧಿಸಬಹುದು.

ಖೈರಾತಿಯ ಮೊಕದ್ದಮೆ

ಈ ಕಾನೂನುಗಳ ನೆರಳಿನಲ್ಲಿ ನಡೆದದ್ದು ಖೈರಾತಿ ಎಂಬಾತನ ಮೊಕದ್ದಮೆ. ಖೈರಾತಿ ಹೆಣ್ಣುಡುಗೆ ತೊಟ್ಟು ಒಂದು ಮನೆಯ ಹೆಂಗಸರ ನಡುವೆ ಕುಳಿತು ಹಾಡುತ್ತಿದ್ದಾಗ ಪೊಲೀಸರ ಕಣ್ಣಿಗೆ ಬಿದ್ದ. ಯಾರೂ ದೂರು ಕೊಟ್ಟಿರಲಿಲ್ಲ. ಬಂಧಿಸಿದರು, ಸರ್ಕಾರಿ ವೈದ್ಯನಿಂದ ದೇಹ ಪರೀಕ್ಷೆ ಮಾಡಿಸಿದರು. ಆ ಪರೀಕ್ಷೆಯ ವರದಿ ಮತ್ತು ಉಡುಗೆಯ ಆಧಾರದ ಮೇಲೆ ಮೊರಾದಾಬಾದಿನ ಸೆಷನ್ಸ್ ನ್ಯಾಯಾಧೀಶರು 377ರಡಿ ಅಪರಾಧಿ ಎಂದರು. 1884ರಲ್ಲಿ ಅಲಹಾಬಾದ್ ಹೈಕೋರ್ಟ್ ಶಿಕ್ಷೆ ರದ್ದು ಮಾಡಿತು. ಯಾರೊಂದಿಗೆ, ಎಲ್ಲಿ, ಯಾವಾಗ ಎಂಬ ಮೂರರಲ್ಲಿ ಒಂದನ್ನೂ ಆರೋಪಪಟ್ಟಿ ಹೇಳಿರಲಿಲ್ಲ. ಆದರೂ ಇಂಥ ನಡತೆಯನ್ನು ತಡೆಯಬೇಕೆಂಬ ಅಧಿಕಾರಿಗಳ ಕಾಳಜಿಯನ್ನು ನ್ಯಾಯಮೂರ್ತಿಗಳು ಮೆಚ್ಚಿಕೊಳ್ಳದೆ ಇರಲಿಲ್ಲ.

ಈ ಪ್ರಸಂಗವನ್ನು ಮದೀನಾದ ಪ್ರಸಂಗದ ಪಕ್ಕದಲ್ಲಿಟ್ಟು ನೋಡಿ. ಎರಡರಲ್ಲೂ ಹೆಣ್ಣಿನ ರೀತಿಯ ಒಬ್ಬ ಪುರುಷ ಹೆಂಗಸರ ನಡುವೆ ಕುಳಿತಿದ್ದಾನೆ. ಮದೀನಾದಲ್ಲಿ ಅದು ಎಲ್ಲರಿಗೂ ತಿಳಿದ ವಿಷಯ, ಆತ ಮನೆಗೆ ಬಂದು ಹೋಗುವವನು. ಆತನ ಮೇಲೆ ನಿರ್ಬಂಧ ಬಂದದ್ದು ಆತನಿಂದ ಇನ್ನೊಬ್ಬರ ಮಾನಕ್ಕೆ ಕುಂದು ಬಂದಾಗ. ಮೊರಾದಾಬಾದಿನಲ್ಲಿ ಯಾರಿಗೂ ಕುಂದು ಬಂದಿರಲಿಲ್ಲ. ಉಡುಗೆ ನೋಡಿ ಹಿಡಿದರು, ಬಟ್ಟೆ ಬಿಚ್ಚಿಸಿ ಪರೀಕ್ಷಿಸಿದರು. ಇಂದು ನಾವು ಹೆಣ್ಣಿಗನಂತೆ ನಡೆಯುವ ಹುಡುಗನನ್ನು ಕಂಡಾಗ ಮಾಡುವ ಗೇಲಿ, ಅವನ ಮೊಬೈಲ್ ಕಸಿದು ನೋಡುವ ಆತುರ, ಒಪ್ಪಿಕೋ ಎಂದು ಕೂಡಿಹಾಕಿ ಹೊಡೆಯುವ ರೋಷ ಇವೆರಡರಲ್ಲಿ ಯಾವುದಕ್ಕೆ ಹತ್ತಿರ?

ನಮ್ಮ ಜಿಲ್ಲೆಗಳಿಗೂ ಬಂತು

ಇದೆಲ್ಲ ಉತ್ತರದ ಕಥೆ ಎನ್ನುವಂತಿಲ್ಲ. 1919ರಲ್ಲಿ ನಿಜಾಮರ ಹೈದರಾಬಾದ್ ಸಂಸ್ಥಾನ 1871ರ ಕಾಯಿದೆಯನ್ನೇ ಹೋಲುವ ಹಿಜಡಾ ಕಾಯಿದೆಯನ್ನು ಜಾರಿಗೆ ತಂದಿತು. ಅದೇ ರಿಜಿಸ್ಟರ್, ಅದೇ ವಾರಂಟ್ ಇಲ್ಲದ ಬಂಧನ. ಬೀದರ್, ಕಲಬುರಗಿ, ರಾಯಚೂರು ಆಗ ನಿಜಾಮರ ಆಳ್ವಿಕೆಯಲ್ಲಿದ್ದವು. ಒಬ್ಬ ಮುಸ್ಲಿಂ ದೊರೆಯ ರಾಜ್ಯ ಮಾವರ್ದಿಯ ಗ್ರಂಥವನ್ನು ಬದಿಗಿಟ್ಟು ಬ್ರಿಟಿಷರ ಕಾಯಿದೆ ಪುಸ್ತಕವನ್ನು ನಕಲು ಮಾಡಿತು. ಆ ಕಾನೂನು ಸಂವಿಧಾನಬಾಹಿರವೆಂದು ತೆಲಂಗಾಣ ಹೈಕೋರ್ಟ್ ರದ್ದು ಮಾಡಿದ್ದು 2023ರ ಜುಲೈನಲ್ಲಿ. ನಮ್ಮ ರಾಜ್ಯದಲ್ಲಿಯೂ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೆ 36ಎ ಎಂಬ ಸೆಕ್ಷನ್ ಸೇರಿ, ಇದೇ ಸಮುದಾಯದವರ ರಿಜಿಸ್ಟರ್ ಇಡುವ ಅಧಿಕಾರ ಪೊಲೀಸರಿಗೆ ದೊರೆಯಿತು. ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಲಾಯಿತು. ಬಳಿಕ ಆ ಸಮುದಾಯವನ್ನು ಹೆಸರಿಸುವ ಪದವನ್ನು ತೆಗೆಯಲಾಯಿತು.

377ರ ಕಥೆಯ ಕೊನೆ ಹೆಚ್ಚಿನವರಿಗೆ ಗೊತ್ತು. 2009ರ ಜುಲೈ 2ರಂದು ದೆಹಲಿ ಹೈಕೋರ್ಟ್, ವಯಸ್ಕರು ಒಪ್ಪಿ ಖಾಸಗಿಯಾಗಿ ನಡೆಸುವ ಸಂಬಂಧವನ್ನು ಅಪರಾಧದಿಂದ ಹೊರಗಿಟ್ಟಿತು. ಅದರ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಬೇರೆ ಬೇರೆ ಧರ್ಮಗಳವರಿದ್ದರು. ನಮ್ಮ ಅಖಿಲ ಭಾರತ ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿಯೂ, ಕ್ರೈಸ್ತ ಸಂಘಟನೆಗಳೂ ಇದ್ದವು. 2013ರ ಡಿಸೆಂಬರ್ 11ರಂದು ಆ ತೀರ್ಪು ರದ್ದಾಯಿತು. 2018ರ ಸೆಪ್ಟೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲ ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ರಂಥ ಸೆಕ್ಷನ್ನೇ ಇಲ್ಲ. ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ಮಾತ್ರ 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟ್ ನಿರಾಕರಿಸಿತು.

ಮಂಡಳಿಯ ಹಿರಿಯರ ಕಾಳಜಿಯನ್ನು ಹಗುರವಾಗಿ ಕಾಣಬಾರದು. ಕಾನೂನು ಸಡಿಲವಾದರೆ ಹರಾಮ್ ಎಂಬ ಪ್ರಜ್ಞೆಯೇ ಅಳಿದೀತು ಎಂಬುದು ಅವರ ಆತಂಕವಾಗಿತ್ತು. ಆದರೆ ಮದ್ಯ, ಬಡ್ಡಿ, ಜೂಜಿನ ವಿಷಯದಲ್ಲಿ ದೇಶದ ಕಾನೂನು ಏನೇ ಹೇಳಲಿ, ಹರಾಮ್ ಹರಾಮಾಗಿಯೇ ಉಳಿದಿದೆ. ನಮ್ಮ ದೀನ್ ಮೆಕಾಲೆಯ ಸೆಕ್ಷನ್ನಿನ ಆಸರೆಯಲ್ಲಿ ನಿಂತಿರಲಿಲ್ಲ. ನಾವು ಉಳಿಸಲು ಹೊರಟ ಆ ಸೆಕ್ಷನ್ನಿನಲ್ಲಿ ನಮ್ಮ ಫುಕಹಾಗಳು ಇಟ್ಟ ಒಂದು ತಡೆಯೂ ಇರಲಿಲ್ಲ.

ಕೇಪ್‌ಟೌನಿನಿಂದ ಒಂದು ಸುದ್ದಿ

ಇಲ್ಲಿಗೆ ಎಲ್ಲವೂ ತಿಳಿಯಾಯಿತು ಎನ್ನುವಂತಿಲ್ಲ. ದಕ್ಷಿಣ ಆಫ್ರಿಕದ ಕೇಪ್‌ಟೌನಿನ ಮುಹ್ಸಿನ್ ಹೆಂಡ್ರಿಕ್ಸ್ ಧಾರ್ಮಿಕ ಮನೆತನದಲ್ಲಿ ಹುಟ್ಟಿ ಕರಾಚಿಯಲ್ಲಿ ದೀನೀ ಶಿಕ್ಷಣ ಪಡೆದವರು. ಸಂಪ್ರದಾಯದಂತೆ ವಿವಾಹವಾಗಿ, ಮಕ್ಕಳಾಗಿ, ಬಳಿಕ ವಿಚ್ಛೇದನವಾಯಿತು. 1996ರಲ್ಲಿ ತಾನು ಸಲಿಂಗಾಸಕ್ತನೆಂದು ಬಹಿರಂಗವಾಗಿ ಹೇಳಿ, ತನ್ನಂಥ ಮುಸ್ಲಿಮರಿಗಾಗಿ ಸಂಘಟನೆ ಕಟ್ಟಿದರು. ಲೂತ್(ಅ)ರ ಜನತೆಗೆ ಶಿಕ್ಷೆಯಾದದ್ದು ಅತಿಥಿಗಳ ಮೇಲಿನ ಬಲಾತ್ಕಾರ, ದರೋಡೆ, ದಬ್ಬಾಳಿಕೆಗಾಗಿ. ಪ್ರೀತಿಯ ಸಂಬಂಧಕ್ಕಾಗಿ ಅಲ್ಲ ಎಂಬುದು ಅವರ ವ್ಯಾಖ್ಯಾನ. ಸ್ಕಾಟ್ ಕೂಗಲ್ ಎಂಬ ವಿದ್ವಾಂಸರು 2010ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿಯೂ ಈ ವಾದದ ವಿಸ್ತಾರ ರೂಪವಿದೆ. ಬಹುಸಂಖ್ಯಾತ ಉಲಮಾಗಳು ಇದನ್ನು ಒಪ್ಪಿಲ್ಲ. ಆ ಜನತೆ ಹೆಂಗಸರನ್ನು ಬಿಟ್ಟು ಗಂಡಸರ ಬಳಿ ಹೋಗುತ್ತಿದ್ದುದನ್ನು ಕುರ್‌ಆನ್ ಹೆಸರಿಸಿಯೇ ಖಂಡಿಸಿದೆ ಎಂಬುದು ಅವರ ಉತ್ತರ. ಈ ಲೇಖಕನಿಗೂ ಆ ಉತ್ತರವೇ ಸರಿಯೆನಿಸುತ್ತದೆ.

2025ರ ಫೆಬ್ರವರಿ 15ರಂದು ದಕ್ಷಿಣ ಆಫ್ರಿಕದ ಗೆಬೆಹಾ ನಗರದಲ್ಲಿ ಕಾರಿನಲ್ಲಿದ್ದ ಹೆಂಡ್ರಿಕ್ಸರನ್ನು ಗುಂಡಿಟ್ಟು ಕೊಲ್ಲಲಾಯಿತು. ಅವರ ನಿಲುವನ್ನು ವರ್ಷಗಳಿಂದ ವಿರೋಧಿಸುತ್ತ ಬಂದಿದ್ದ ಅಲ್ಲಿನ ಮುಸ್ಲಿಂ ಜುಡಿಷಿಯಲ್ ಕೌನ್ಸಿಲ್, ಆ ನಿಲುವು ಇಸ್ಲಾಮಿಗೆ ಹೊಂದದು ಎಂಬ ಮಾತನ್ನು ಬದಲಿಸದೆಯೇ ಆ ಕೊಲೆಯನ್ನು ನಿಸ್ಸಂದಿಗ್ಧವಾಗಿ ಖಂಡಿಸಿತು. ಹುಕುಮನ್ನು ಬಿಡದೆ, ಪ್ರಾಣದ ಪಾವಿತ್ರ್ಯವನ್ನೂ ಬಿಡದೆ ನಿಲ್ಲಬಹುದು ಎಂಬುದಕ್ಕೆ ಇದೊಂದು ನಿದರ್ಶನ. ಆದರೆ ಆ ಖಂಡನೆ ಬಂದದ್ದು ಒಬ್ಬರ ಜನಾಝಾ ಎದ್ದ ಬಳಿಕ.

ನಮ್ಮ ಮನೆಯ ಹೊಸ್ತಿಲಲ್ಲಿ

ಹಾಗಾದರೆ ನಮ್ಮ ಮಗ ಬಂದು ಹೇಳಿದ ದಿನ? ಈ ಇತಿಹಾಸ ಓದಿದ ಮೇಲೆ ಕೆಲವು ವಿಷಯಗಳಾದರೂ ಸ್ಪಷ್ಟ.

ಮೊದಲನೆಯದು ನಿಕಾಹ್. 'ಮದುವೆ ಮಾಡಿದರೆ ಸರಿಹೋಗುತ್ತಾನೆ' ಎಂದು ವಿಷಯ ಮುಚ್ಚಿಟ್ಟು ಇನ್ನೊಬ್ಬರ ಮಗಳನ್ನು ತರುವುದು ಮೋಸ. ಮೋಸ ಮಾಡುವವನು ನಮ್ಮವನಲ್ಲ ಎಂಬ ಪ್ರವಾದಿ(ಸ)ಯವರ ಎಚ್ಚರಿಕೆ ಧಾನ್ಯದ ರಾಶಿಯ ಕೆಳಗೆ ಒದ್ದೆ ಧಾನ್ಯ ಅಡಗಿಸಿದವನಿಗೆ ಬಂದದ್ದು. ಒಂದು ಹೆಣ್ಣಿನ ಇಡೀ ಬಾಳು ಧಾನ್ಯಕ್ಕಿಂತ ಅಗ್ಗವೇ? ಮಗನ ಗುಟ್ಟು ಕಾಯಲು ಇನ್ನೊಬ್ಬರ ಮಗಳನ್ನು ಪರದೆಯಾಗಿ ಬಳಸಲಾಗದು.

ಎರಡನೆಯದು ಮನೆಯಿಂದ ಹೊರಹಾಕುವುದು. ಕುಟುಂಬದ ಸಂಬಂಧ ಕಡಿಯುವುದು ಮಹಾಪಾಪ. ನೂಹ್(ಅ)ರ ಮಗ ವಿಶ್ವಾಸವನ್ನೇ ತಿರಸ್ಕರಿಸಿದವನು. ಆದರೂ ಅಲೆ ನಡುವೆ ಬರುವ ತನಕ ಆ ತಂದೆ 'ನನ್ನ ಕಂದಾ' ಎಂದು ಕರೆಯುವುದನ್ನು ನಿಲ್ಲಿಸಲಿಲ್ಲ. ನಮ್ಮ ಮಗ ನಮಾಝ್ ಮಾಡುವವನು, ರೋಝಾ ಹಿಡಿಯುವವನು, ತನ್ನ ನೋವನ್ನು ನಂಬಿ ನಮ್ಮ ಮುಂದಿಟ್ಟವನು.

ಮೂರನೆಯದು 'ಚಿಕಿತ್ಸೆ'. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿಯೇ ಇದನ್ನು ರೋಗಗಳ ಪಟ್ಟಿಯಿಂದ ತೆಗೆದಿದೆ. ಸಲಿಂಗಾಸಕ್ತಿಯ 'ಪರಿವರ್ತನೆ ಚಿಕಿತ್ಸೆ' ಮಾಡುವುದನ್ನು ನಮ್ಮ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದು ಸಾರಿದೆ. ಹೊಡೆದು ಬಡಿದು, ತಾಯಿತ ಕಟ್ಟಿಸಿ, ಯಾರೋ ಕೊಟ್ಟ ಔಷಧಿ ಕುಡಿಸಿ ಮಗನ ಮೈ ಮನಸ್ಸು ಹಾಳು ಮಾಡಬೇಡಿ. ಅವನು ಊಟ ಬಿಟ್ಟರೆ, ಸಾವಿನ ಮಾತಾಡಿದರೆ ತಡಮಾಡದೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಆ ನೋವಿಗೆ ಚಿಕಿತ್ಸೆ ಇದೆ.

ಉಳಿದದ್ದು ಕಠಿಣ ಭಾಗ. ಜೀವನವಿಡೀ ಸಂಗಾತಿಯಿಲ್ಲದೆ ಸಂಯಮದಿಂದಿರು ಎಂದು ದೀನ್ ಅವನಿಗೆ ಹೇಳುತ್ತದೆ. ಹಾಗೆ ಹೇಳುವ ನಾವು ನಮ್ಮ ಹೆಂಡತಿ ಮಕ್ಕಳ ನಡುವೆ ಕುಳಿತು ಹೇಳುತ್ತಿರುತ್ತೇವೆ. ಆ ಭಾರ ಎಷ್ಟೆಂದು ಹೊತ್ತವನಿಗೇ ಗೊತ್ತು. ಕೆಲವರು ಹೊತ್ತು ನಡೆಯುತ್ತಾರೆ, ಕೆಲವರು ಎಡವುತ್ತಾರೆ, ಕೆಲವರು ಬೇರೆ ದಾರಿ ಹಿಡಿಯುತ್ತಾರೆ. ಆ ಭಾರ ಹೊರಿಸುವ ಸಮುದಾಯಕ್ಕೆ ಅವನ ಜೊತೆಗೆ ಕುಳಿತು ಉಣ್ಣುವ, ಅವನ ಕಾಯಿಲೆಗೆ ಓಡಿಬರುವ, ಈದ್ ದಿನ ಅವನನ್ನು ಒಂಟಿಯಾಗಿ ಬಿಡದಿರುವ ಹೊಣೆಯೂ ಇದೆ. ಎಡವಿದವನ ಲೆಕ್ಕ ಅಲ್ಲಾಹನ ಬಳಿ ಇದೆ. ಆ ಲೆಕ್ಕದ ಪುಸ್ತಕ ನಮ್ಮ ಕೈಗೆ ಕೊಟ್ಟಿಲ್ಲ.

ಲೂತ್(ಅ)ರ ಜನತೆಯ ಖುತ್ಬಾ ಮುಂದೆಯೂ ನಡೆಯಲಿ. ಖತೀಬರಲ್ಲಿ ಒಂದು ವಿನಂತಿ: ಆ ವೃತ್ತಾಂತವನ್ನು ಶಿಕ್ಷೆಯಿಂದ ಶುರು ಮಾಡಬೇಡಿ. ಇಬ್ರಾಹೀಮ್(ಅ)ರ ಮನೆಯಿಂದ, ಅವರು ಆ ಜನರಿಗಾಗಿ ಆಡಿದ ಮಾತಿನಿಂದ ಶುರು ಮಾಡಿ. ಸಫ್‌ನ ಒಂದು ಮೂಲೆಯಲ್ಲಿ ತಲೆ ತಗ್ಗಿಸಿ ಕುಳಿತವನೂ ಅದನ್ನು ಕೇಳಿಸಿಕೊಳ್ಳಲಿ.

ಇನ್ನೊಬ್ಬರ ಕುಂದನ್ನು ಮುಚ್ಚಿದವರ ಕುಂದನ್ನು ಅಲ್ಲಾಹನು ಪರಲೋಕದಲ್ಲಿ ಮುಚ್ಚುವನೆಂದು ಪ್ರವಾದಿ(ಸ)ಯವರು ಕಲಿಸಿದ್ದಾರೆ. ಅಲ್ಲಾಹನು ನಮ್ಮ ಕುಂದುಗಳನ್ನು ಮುಚ್ಚಲಿ, ನಮ್ಮ ಮಕ್ಕಳನ್ನು ಕಾಪಾಡಲಿ, ಅವರು ಭಯವಿಲ್ಲದೆ ಮರಳಿ ಬರಬಹುದಾದ ಮನೆಗಳನ್ನು ನಮ್ಮಿಂದ ಕಟ್ಟಿಸಲಿ. ಆಮೀನ್.